ಸಾಬರ ರೇಡಿಯೋಗೆ ಆಯುಧಪೂಜೆ

ಓದು ಬಿಟ್ಟವನಿಗೆ ಕೈಯೇ ಗತಿ. ಆ ಕೈ ಸ್ವಲ್ಪ ಪಳಗಿತೋ, ತಲೆಗೆ ಕೋಡು ಮೂಡುತ್ತದೆ. ನನಗೂ ಮೂಡಿತ್ತು. ಏಳನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸಲು ಸೇರಿ, ಲೇತ್ ಯಂತ್ರದ ಮುಂದೆ ನಿಲ್ಲುವವರೆಗೆ ಬಂದವನು ನಾನು. ಡಿಪ್ಲೊಮಾ ಓದಿದವರೂ ಅಳತೆ ತಪ್ಪಿದಾಗ ನನ್ನ ಹತ್ತಿರವೇ ಬರುತ್ತಿದ್ದರು. ಯಶವಂತಪುರದ ನಮ್ಮ ವಠಾರದಲ್ಲಿ ಸ್ಟೌ, ಟಾರ್ಚು ಏನು ಕೆಟ್ಟರೂ ನನ್ನ ಬಾಗಿಲಿಗೇ. ಇನ್ನೊಬ್ಬರನ್ನು ಕೇಳಿ ಕೆಲಸ ಮಾಡುವುದು ಓದಿದವರ ಲಕ್ಷಣ ಎಂದು ನಂಬಿದ್ದೆ.

ಎದುರು ಮನೆಯ ಟೈಲರ್ ಖಾದರ್ ಸಾಬರು ಒಂದು ಬುಧವಾರ ತಮ್ಮ ಟ್ರಾನ್ಸಿಸ್ಟರ್ ತಂದುಕೊಟ್ಟರು. “ಸ್ಟೇಷನ್ ತಿರುಗಿಸೋ ಗುಂಡಿ ಕಳಚಿ ಕಳಚಿ ಬರ್ತದೆ. ಕೋಲಾರಕ್ಕೆ ಮಗಳ ಮನೆಗೆ ಹೋಗಿ ಭಾನುವಾರ ಬರ್ತೀನಿ. ನಿಮ್ ಕೈಗೆ ಬಿದ್ರೆ ಆಯ್ತು ಬಿಡಿ, ಭಾಯ್” ಎಂದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಮಾತಾಡುತ್ತಿದ್ದುದು ಅದೊಂದೇ. ಅದು ಹಾಡದಿದ್ದರೆ ಹೊಲಿಗೆ ಯಂತ್ರ ತುಳಿಯಲು ಅವರಿಗೆ ಕಾಲೇ ಏಳುತ್ತಿರಲಿಲ್ಲ. ಐದು ನಿಮಿಷದ ಕೆಲಸ, ಆಮೇಲೆ ಮಾಡಿದರಾಯಿತು ಎಂದು ನನ್ನ ಸ್ಪ್ಯಾನರುಗಳ ತಟ್ಟೆಯಲ್ಲಿಟ್ಟೆ.

ಮರುದಿನ ಆಯುಧಪೂಜೆ. “ತಟ್ಟೇಲಿರೋದನ್ನೆಲ್ಲ ತೊಳೆದು ಕುಂಕುಮ ಇಡು” ಎಂದು ಹೆಂಡತಿ ಸರೋಜಳಿಗೆ ಹೇಳಿದೆ.

“ಎಲ್ಲಾನೂನಾ ರೀ?”

“ಎಲ್ಲಾನೂ ಅಂದ್ರೆ ಎಲ್ಲಾನೂ. ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?” ಎಂದು ಬೂದುಗುಂಬಳ ತರಲು ಹೊರಟೆ. ತಿರುಗಿ ಬಂದಾಗ ಸುತ್ತಿಗೆ, ಸ್ಪ್ಯಾನರುಗಳ ನಡುವೆ ಸಾಬರ ರೇಡಿಯೋ ಹಣೆಗೆ ಕುಂಕುಮ, ಏರಿಯಲ್‌ಗೆ ಸೇವಂತಿಗೆ ಮುಡಿದು ಕೂತಿತ್ತು. ಸ್ಪೀಕರಿನ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

“ಕೇಳ್ದೆ ತಾನೇ?” ಎಂದಳು ಸರೋಜ. “ಸಾಬರು ಅದಿಲ್ದೆ ಒಂದು ಹೊಲಿಗೆ ಹಾಕಲ್ಲ. ಅವರ ಆಯುಧ ಅಂದ್ಕೊಂಡೆ. ಸೆಲ್ ತೆಗೆದೇ ತೊಳೆದಿದೀನಿ. ಹಿಂದ್ಗಡೆ ಬಿಚ್ಚಿ ನೆರಳಲ್ಲಿ ಗಾಳಿಗಿಡಿ, ಆರುತ್ತೆ.”

“ಇದೇನು ಒಗೆದ ಸೀರೆನಾ?” ಎಂದು ಅವಳ ಬಾಯಿ ಮುಚ್ಚಿಸಿದೆ. ಕಾರ್ಖಾನೆಯಲ್ಲಿ ನೆನೆದ ಮೋಟಾರಿಗೆ ಶಾಖ ಕೊಟ್ಟು ಒಣಗಿಸುವುದನ್ನು ನೋಡಿದ್ದವನು ನಾನು. ದೋಸೆ ಕಾವಲಿ ಕಾಯಿಸಿ, ಮೇಲೆ ರೇಡಿಯೋ ಮಲಗಿಸಿದೆ. ಸ್ವಲ್ಪ ಹೊತ್ತಿಗೆ ಹೊಗೆಯಂಥ ವಾಸನೆ. ಎತ್ತಿ ನೋಡಿದರೆ ಅದರ ಮುಖ ಹಪ್ಪಳದಂತೆ ಸೊಟ್ಟಗಾಗಿ, ಸ್ಟೇಷನ್ನಿನ ಅಂಕಿಗಳೆಲ್ಲ ಒಂದು ಮೂಲೆಗೆ ಜಾರಿದ್ದವು. ಸೆಲ್ ಹಾಕಿದರೆ ಉಸಿರಿಲ್ಲ. ಸಾಬರ ಮುಖ ಹೇಗೆ ನೋಡುವುದೆಂದು ಆ ದಿನ ಪೂಜೆಯ ಕಡಲೆಪುರಿಯನ್ನೂ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿ, ಗುರುತಿನವರು ಕಾಣದಂತೆ ಮತ್ತೀಕೆರೆಯ ರೇಡಿಯೋ ಅಂಗಡಿಗೆ ಹೋದೆ. ರಿಪೇರಿಯವನು ಬಿಚ್ಚಿ ಮೂಸಿ ನೋಡಿದ. “ನೀರು ಏನೂ ಮಾಡಿಲ್ಲ ಸಾರ್. ಬಿಚ್ಚಿ ನೆರಳಲ್ಲಿ ಗಾಳಿಗಿಟ್ಟಿದ್ರೆ ತಾನಾಗೇ ಹಾಡ್ತಿತ್ತು. ಶಾಖಕ್ಕೆ ವೈರುಗಳು ಕರಗಿ ಅಂಟ್ಕೊಂಡಿವೆ. ದೋಸೆ ಕಾವಲಿ ವಾಸನೆ ಬೇರೆ. ಯಾರಿಗೆ ಕೊಟ್ಟಿದ್ರಿ ಇದನ್ನ?”

“ನಮ್ಮ ವಠಾರದಲ್ಲಿ ಒಬ್ಬ ಇದಾನೆ” ಎಂದೆ.

“ಅವನಿಗೆ ದೋಸೆ ಹಿಟ್ಟು ಕೊಡಿ ಸಾರ್, ರೇಡಿಯೋ ಕೊಡಬೇಡಿ.”

ಭಾನುವಾರ ಸಾಬರು ಬಂದಾಗ, ಅಂಗಡಿಯವನು ಹೊಸ ವೈರು ಹಾಕಿಕೊಟ್ಟ ರೇಡಿಯೋ ಹಾಡುತ್ತಿತ್ತು. ಸೊಟ್ಟ ಮುಖವನ್ನು ಸವರಿ ನೋಡಿದರು. “ಸ್ವಲ್ಪ ನೀರು ಬಿದ್ದಿತ್ತು ಸಾಬ್ರೇ” ಎಂದೆ.

“ನೀರು ಬಿದ್ರೂ ಉಳಿಸ್ಕೊಟ್ರಲ್ಲ ಭಾಯ್. ಮುಖ ಹೋದ್ರೇನು, ದನಿ ಇದೆ” ಎಂದರು. ಬಾಗಿಲಲ್ಲಿ ಸರೋಜ ಕಾವಲಿ ಉಜ್ಜುತ್ತ ನಿಂತಿದ್ದಳು. ಉಜ್ಜುವ ಸದ್ದು ಸ್ವಲ್ಪ ಜೋರಾಯಿತು. ಸಾಬರು ಸ್ಟೇಷನ್ ಬದಲಿಸಲು ಹೋದರು. ಗುಂಡಿ ಕಳಚಿ ಅವರ ಕೈಗೆ ಬಂತು.

ಅವರು ಕೊಟ್ಟಿದ್ದ ಕೆಲಸ ಅದೊಂದೇ. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ನಾಲ್ಕು ದಿನದಲ್ಲಿ ನಡೆದಿತ್ತು. ಇನ್ನು ಕಾವಲಿಯ ಕತೆ ಹೇಳದೆ ವಿಧಿಯಿರಲಿಲ್ಲ. ಸಾಬರು ಟೋಪಿ ಜಾರುವಷ್ಟು ನಕ್ಕರು. ಆಮೇಲೆ ಅಂಗಿಯ ಜೇಬಿನಿಂದ ದಾರದ ತುಂಡೊಂದನ್ನು ತೆಗೆದು, ಗುಂಡಿ ಕೂರುವ ಕಡ್ಡಿಗೆ ಎರಡು ಸುತ್ತು ಸುತ್ತಿ, ಮೇಲೆ ಗುಂಡಿ ಒತ್ತಿದರು. ಬಿಗಿಯಾಗಿ ಕೂತಿತು.

“ಇಷ್ಟೇನಾ ಇದ್ದಿದ್ದು, ಭಾಯ್?” ಎಂದು ಅವರೇ ನನ್ನನ್ನು ಕೇಳಿದರು.

ಮರುವರ್ಷ ಆಯುಧಪೂಜೆಗೆ ಸರೋಜ ನನ್ನ ತಟ್ಟೆಯಲ್ಲಿ ಸ್ಪ್ಯಾನರುಗಳ ಪಕ್ಕ ಒಂದು ದಾರದ ಉಂಡೆಯನ್ನಿಟ್ಟು, ಒಳಗೆ ಹೋದಳು. ನಾನು ತಟ್ಟೆ ಎತ್ತಿಕೊಂಡು ಅವಳ ಹಿಂದೆಯೇ ಹೋಗಿ ಕೇಳಿದೆ: “ಎಲ್ಲಾನೂ ತೊಳೀಬೇಕಾ?”