ಮೋಟಾರಿಗೊಂದು ಎತ್ತಿನ ಗಾಡಿ

ಆಚಾರಿ: ಓಡೋದು ಅಂತೀರಿ. ಅದನ್ನ ಹೊತ್ಕೊಂಡು ಹೋಗೋಕೆ ಗಾಡಿ ಬೇಕು ಅಂತೀರಿ. ಎರಡ್ರಲ್ಲಿ ಒಂದು ಹೇಳಿ ಸಾಮಿ.

ಗಂಗಾಧರಯ್ಯ: ಎರಡೂ ನಿಜ ಕಣಯ್ಯ.

ಆಚಾರಿ: ಅಂಗಾರೆ ಅದಕ್ಕೆ ಮೈ ಸರಿ ಇಲ್ಲ.

ಗಂಗಾಧರಯ್ಯ: ಮೈ ಚೆನ್ನಾಗೇ ಇದೆ. ಕೆಡಬಾರದು ಅಂತಲೇ ಗಾಡಿ.

ಆಚಾರಿ: ಎತ್ತು ಕೆಡಬಾರದು ಅಂತ ಎತ್ತನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗೋರನ್ನ ನಾನು ನೋಡಿಲ್ಲ ಸಾಮಿ.

ಮಧುಗಿರಿ ಬೆಟ್ಟದ ಬುಡದಲ್ಲಿ, ಹುಣಸೆಮರಕ್ಕೆ ಒರಗಿಸಿ ಕಟ್ಟಿದ ಚಪ್ಪರದ ಕೆಳಗೆ ಓಬಳಾಚಾರಿ ಮೂವತ್ತು ವರ್ಷಗಳಿಂದ ಎತ್ತಿನ ಗಾಡಿ ಮಾಡಿಕೊಂಡು ಬಂದವನು. ತುಮಕೂರಿಗೆ ಬಸ್ಸು ಓಡತೊಡಗಿದ ಈ ಎರಡು ವರ್ಷಗಳಲ್ಲಿ ಹೊಸ ಗಾಡಿ ಬೇಕು ಅಂತ ಒಬ್ಬನೂ ಆ ಚಪ್ಪರದ ಕಡೆ ತಲೆ ಹಾಕಿರಲಿಲ್ಲ. ನೇಗಿಲ ಹಿಡಿ, ಒನಕೆ, ತೊಟ್ಟಿಲ ಕಾಲು, ಇವೇ ಕೆಲಸ. ಇವತ್ತು ಬೆಳಿಗ್ಗೆ ಕಡ್ಲೆಕಾಯಿ ಮಿಲ್ಲಿನ ಗಂಗಾಧರಯ್ಯನವರು ಹೆಂಡತಿ ರಾಜಲಕ್ಷ್ಮಮ್ಮನವರ ಜೊತೆ ಬಂದು ಹೊಸ ಗಾಡಿ ಮಾಡಿಕೊಡು ಅಂದಾಗ ಆಚಾರಿ ಒಳಗೊಳಗೇ ಹಿಗ್ಗಿದ. ಮುಖದಲ್ಲಿ ಮಾತ್ರ ಅವನು ಏನೂ ತೋರಿಸಲಿಲ್ಲ.

ಗಂಗಾಧರಯ್ಯನವರ ಹತ್ತಿರ ಒಂದು ಕೆಂಪು ಕಾರಿತ್ತು. ಎರಡೇ ಸೀಟು. ನೆಲಕ್ಕೆ ಒಂದು ಗೇಣು ಮೇಲೆ ಹೊಟ್ಟೆ. ಪಂದ್ಯದಲ್ಲಿ ಓಡಿಸುವುದಕ್ಕೆಂದೇ ಬೆಂಗಳೂರಿನ ದಂಡಿನ ದೊರೆಯೊಬ್ಬನಿಂದ ಕೊಂಡು ತಂದದ್ದು.

ರಾಜಲಕ್ಷ್ಮಮ್ಮ: ಹೋದ ವರ್ಷದ್ದು ಹೇಳಿ ಅವರಿಗೆ. ಆಗ ಅರ್ಥ ಆಗುತ್ತೆ.

ಗಂಗಾಧರಯ್ಯ: ಅದೆಲ್ಲ ಯಾಕೆ ಈಗ?

ರಾಜಲಕ್ಷ್ಮಮ್ಮ: ಬೆಂಗಳೂರಿನ ಪಂದ್ಯಕ್ಕೆ ಅಂತ ಇಲ್ಲಿಂದಲೇ ಓಡಿಸ್ಕೊಂಡು ಹೊರಟ್ರು ಆಚಾರ್ರೆ. ಕೊರಟಗೆರೆ ಹತ್ರ ಹೊಳೆ ದಾಟೋವಾಗ ಬಂಡೆಗೆ ಹೊಟ್ಟೆ ಬಡೀತು. ಎಣ್ಣೆಯೆಲ್ಲ ಹೊಳೇಲಿ ಹೋಯ್ತು. ಎತ್ತು ಕಟ್ಟಿ ಎಳೆಸ್ಕೊಂಡು ಬಂದ್ರು. ಆಗಲೂ ಕಪ್ಪು ಕನ್ನಡಕ ತೆಗೀಲಿಲ್ಲ.

ಗಂಗಾಧರಯ್ಯ: ಧೂಳಿತ್ತು ಕಣೆ.

ರಾಜಲಕ್ಷ್ಮಮ್ಮ: ಈ ವರ್ಷವೂ ಪಂದ್ಯದಲ್ಲಿ ನಿಲ್ಲೋಕಾಗದಿದ್ರೆ ಕಾರು ಮಾರಿಬಿಡ್ತೀನಿ ಅಂತ ನನಗೆ ಮಾತು ಕೊಟ್ಟಿದಾರೆ. ಅದಕ್ಕೇ ಈಗ ನಿಮ್ಮ ಹತ್ರ ಬಂದಿರೋದು.

ಆಚಾರಿ ಉಳಿಯನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಎರಡು ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವ ಹಾಗಿರಲಿಲ್ಲ.

ಆಚಾರಿ: ನನ್ನ ಕೈಲಾಗಾಕಿಲ್ಲ ಸಾಮಿ. ನಾನು ಸೌದೆ ಮಾಡೋನು.

ಗಂಗಾಧರಯ್ಯ: ಏನಂದೆ?

ಆಚಾರಿ: ಬಸ್ಸು ಬಂದ ದಿನ ಛತ್ರದ ಮುಂದೆ ಭಾಷಣ ಮಾಡಿದ್ರಲ್ಲ, ಇನ್ಮೇಲೆ ಎತ್ತಿನ ಗಾಡಿಯೆಲ್ಲ ಸೌದೆ ಅಂತ. ಹಾರ ಹಾಕ್ಕೊಂಡಿದ್ರಿ. ನಾನು ಮುಂದಿನ ಸಾಲಲ್ಲೇ ಕೂತಿದ್ದೆ.

ಗಂಗಾಧರಯ್ಯ: ಭಾಷಣ ಅಂದಮೇಲೆ ಒಂದು ಮಾತು ಹೆಚ್ಚುಕಡಿಮೆ ಬರುತ್ತಯ್ಯ.

ರಾಜಲಕ್ಷ್ಮಮ್ಮ: ನೀವೂ ಚಪ್ಪಾಳೆ ತಟ್ಟಿದ್ರಿ ಅಂತ ಹೇಳಿದ್ರಲ್ಲ ಇವರು.

ಆಚಾರಿ: ಸೊಳ್ಳೆ ಇತ್ತು ತಾಯಿ.

ರಾಜಲಕ್ಷ್ಮಮ್ಮ: ರೀ, ಆ ಮಾತು ವಾಪಸ್ ತಗೊಂಡುಬಿಡಿ.

ಗಂಗಾಧರಯ್ಯ: ಆಯ್ತಪ್ಪ. ತಗೊಂಡೆ.

ಆಚಾರಿ: ಅವತ್ತು ಊರೆಲ್ಲ ಕೇಳ್ತು ಸಾಮಿ. ಇವತ್ತು ಕೇಳೋಕೆ ಯಾರವ್ರೆ? ಲೇ ಕ್ಯಾತಪ್ಪ, ಬಾ ಇಲ್ಲಿ.

ನೊಗ ರಿಪೇರಿಗೆಂದು ಬಂದು ಮರದ ನೆರಳಲ್ಲಿ ಕೂತಿದ್ದ ಗೊಲ್ಲರ ಕ್ಯಾತಪ್ಪ ಎದ್ದು ಬಂದ. ಹಳ್ಳಿಕಾರ್ ಎತ್ತಿನ ಒಳ್ಳೆಯ ಜೋಡಿ ಇಟ್ಟುಕೊಂಡಿದ್ದವನು. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ತಾಲೂಕಿಗೆ ಬೀಳುತ್ತಿತ್ತು.

ಗಂಗಾಧರಯ್ಯ: ಗಾಡಿ ಸೌದೆ ಅಲ್ಲ.

ಕ್ಯಾತಪ್ಪ: ಜೋರಾಗಿ ಯೋಳಿ ಸಾಮಿ. ನಂಗೆ ಕಿವಿ ಮಂದ.

ಕ್ಯಾತಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಅರ್ಧ ಮೈಲಿ ಆಚೆ ಕುರಿ ಕೆಮ್ಮಿದರೆ ಯಾವ ಕುರಿ ಅಂತ ಹೇಳುತ್ತಿದ್ದ.

ಗಂಗಾಧರಯ್ಯ: ಎತ್ತಿನ ಗಾಡಿ ಸೌದೆ ಅಲ್ಲ ಕಣಯ್ಯ.

ಕ್ಯಾತಪ್ಪ: ಅಲ್ವೇ ಅಲ್ಲ. ಯಾವನು ಸಾಮಿ ಅಂಗಂದೋನು? ತಲೆ ಕೆಟ್ಟೈತಾ ಅವನಿಗೆ?

ರಾಜಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆಟ್ಟದ ಕಡೆ ತಿರುಗಿದರು. ಆಚಾರಿ ಅಳತೆಯ ಕೋಲು ಎತ್ತಿಕೊಂಡ.

ಆಚಾರಿ: ಹೇಳಿ ಸಾಮಿ. ಎಂಥ ಗಾಡಿ ಬೇಕು?

ಗಂಗಾಧರಯ್ಯ: ನಾಲ್ಕು ಗಾಲಿದು. ಕಾರಿಗೂ ನಾಲ್ಕು, ಗಾಡಿಗೂ ನಾಲ್ಕು.

ಆಚಾರಿ: ಬೇಡಿ. ತಿರುವು ಬಂದಾಗ ಎತ್ತು ಕೊರಟಗೆರೆ ಕಡೆ ತಿರುಗಿರ್ತವೆ, ಗಾಡಿ ಪಾವಗಡದ ಕಡೆ ನೋಡ್ತಾ ನಿಂತಿರ್ತದೆ. ಎರಡು ಗಾಲಿ ಸಾಕು.

ಗಂಗಾಧರಯ್ಯ: ಹಾಗಾದ್ರೆ ಅಗಲ ಮಾಡು. ಎರಡು ಗಾಲಿ ಮಧ್ಯೆ ಕಾರು ಕೂರಲಿ.

ಆಚಾರಿ: ರಸ್ತೇಲಿ ಗಾಡಿ ಓಡಿ ಓಡಿ ಜಾಡು ಬಿದ್ದಿರೋದು ನೋಡಿಲ್ವಾ? ಅಗಲ ಮಾಡಿದ್ರೆ ಒಂದು ಗಾಲಿ ಜಾಡೊಳಗೆ, ಇನ್ನೊಂದು ದಿಬ್ಬದ ಮೇಲೆ. ಬೆಂಗಳೂರು ಸೇರೋ ಹೊತ್ಗೆ ನಿಮ್ಮ ಕಾರು ಮಗ್ಗುಲಾಗಿ ಮಲಗಿರ್ತದೆ.

ಗಂಗಾಧರಯ್ಯ: ಗಾಲಿಗಿಂತ ಮೇಲೆ ಹಲಗೆ ಹಾಕು ಮತ್ತೆ.

ಆಚಾರಿ: ಆಳೆತ್ತರ ಆಗ್ತದೆ. ಏಣಿ ಇಟ್ಟು ಹತ್ತುಸ್ತೀರಾ?

ಗಂಗಾಧರಯ್ಯ: ನಾನು ಹೇಳಿದ್ದೆಲ್ಲ ಆಗಲ್ಲ ಅಂತೀಯಲ್ಲಯ್ಯ. ಆಗೋದು ಯಾವುದು ಅಂತ ನೀನೇ ಹೇಳು.

ಆಚಾರಿ: ಮೊದಲೇ ಅಂಗೆ ಕೇಳಬೇಕಿತ್ತು. ಕಲ್ಲುಚಪ್ಪಡಿ ಸಾಗಿಸೋ ಗಾಡಿ ನೋಡಿದೀರಲ್ಲ, ಗಿಡ್ಡಗಾಲಿದು. ಗಾಲಿ ದಪ್ಪ, ಗಾಡಿ ತಗ್ಗು. ಅಂಥದ್ದನ್ನೇ ಉದ್ದ ಮಾಡಿ ಮೇಲೆ ಹಲಗೆ ಹೊಡೀತೀನಿ. ಹಿಂದಿನಿಂದ ಎರಡು ಹಲಗೆ ಇಳಿಬಿಟ್ರೆ ಕಾರು ತಳ್ಳಿ ಹತ್ತಿಸಬೋದು.

ಗಂಗಾಧರಯ್ಯ: ಸರಿ. ಮೇಲೊಂದು ಕಮಾನು ಕಟ್ಟಿ ಸುತ್ತ ಪರದೆ ಬಿಡು.

ಆಚಾರಿ: ಬಿಸಿಲಿಗಾ?

ರಾಜಲಕ್ಷ್ಮಮ್ಮ: ನಾಚಿಕೆಗೆ.

ಗಂಗಾಧರಯ್ಯ: ಮೋಟಾರಿಟ್ಟುಕೊಂಡೋನು ಅದನ್ನ ಎತ್ತಿನ ಗಾಡೀಲಿ ಸಾಗಿಸ್ತಾನೆ ಅಂತ ದಾರೀಲಿರೋರಿಗೆಲ್ಲ ಯಾಕೆ ಗೊತ್ತಾಗಬೇಕು?

ಆಚಾರಿ: ಕಮಾನು ಕಟ್ಟಿ ಪರದೆ ಬುಟ್ರೆ ಒಳಗೆ ಮದುವೆ ಹೆಣ್ಣು ಅಂದ್ಕೋತಾರೆ ಸಾಮಿ. ಊರೂರಲ್ಲೂ ಹೆಂಗಸ್ರು ಬಂದು ಇಣುಕ್ತಾರೆ.

ಕ್ಯಾತಪ್ಪ: ಆರತಿನೂ ಎತ್ತಿದ್ರು ಅಂದ್ರೆ ತಟ್ಟೆಗೆ ಏನು ಹಾಕ್ತೀರಿ?

ಕಮಾನು ಬಿಟ್ಟು ಚಾಪೆ ಹೊದಿಸುವುದು ಅಂತ ತೀರ್ಮಾನವಾಯಿತು.

ಹನ್ನೆರಡು ದಿನ ಆಚಾರಿ ಮನೆಗೆ ಊಟಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಹೋಗಲಿಲ್ಲ. ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸಿದ ದಿನ, ನೀರು ಸುರಿದಾಗ ಎದ್ದ ಆವಿಯ ವಾಸನೆಗೆ ಅವನ ಕಣ್ಣು ತುಂಬಿತು. ಹೊಗೆ ಅಂತ ಹೆಂಡತಿಗೆ ಹೇಳಿದ.

ಹದಿಮೂರನೆಯ ದಿನ ಗಂಗಾಧರಯ್ಯನವರು ಕಪ್ಪು ಕನ್ನಡಕ ಹಾಕಿಕೊಂಡು ಕಾರು ತಂದರು; ರಾಜಲಕ್ಷ್ಮಮ್ಮ ಹಿಂದೆ ನಡೆದು ಬಂದರು. ಎತ್ತುಗಳನ್ನು ಇನ್ನೂ ಹೂಡಿರಲಿಲ್ಲ. ನೊಗ ಕಟ್ಟುವ ಉದ್ದನೆಯ ಮರ, ಮೂಕಿ, ಮೇಲೇಳದಿರಲಿ ಅಂತ ಕ್ಯಾತಪ್ಪ ಮುಂದೆ ನೊಗದ ಮೇಲೆ ಕೂತಿದ್ದ. ಹಿಂಭಾರಕ್ಕೆ ಗಾಡಿ ಮೊಗಚದಂತೆ ಕೊಡುವ ಎರಡು ಊರುಗೋಲು ಆಚಾರಿಯ ಕೈಯಲ್ಲಿದ್ದವು.

ಆಚಾರಿ: ಎಂಜಿನ್ನು ಆರಿಸಿ ಸಾಮಿ. ತಳ್ಳಿ ಹತ್ತುಸ್ತೀವಿ.

ಗಂಗಾಧರಯ್ಯ: ಆಂ?

ಆಚಾರಿ: ಊರುಗೋಲು ಕೊಡೋಗಂಟ ತಡೀರಿ.

ಗಂಗಾಧರಯ್ಯ: ಕೇಳಿಸ್ತಿಲ್ಲ.

ಆಚಾರಿ: ತಡೀರಿ, ತಡೀರಿ.

ಎಂಜಿನ್ನಿನ ಗದ್ದಲದಲ್ಲಿ ಗಂಗಾಧರಯ್ಯನವರಿಗೆ ಕೇಳಿಸಿದ್ದು ‘ನಡೀರಿ, ನಡೀರಿ’ ಅಂತ. ನಡೆದರು. ಕಾರು ಹಲಗೆ ಹತ್ತಿ ಗಾಡಿಯ ಹಿಂತುದಿಗೆ ಕಾಲಿಟ್ಟಿತು. ಗಾಡಿಯ ಬಾಲ ನೆಲಕ್ಕೆ ಕುಕ್ಕಿತು, ಮೂಕಿ ಆಕಾಶಕ್ಕೆ ಎದ್ದಿತು, ಅದರ ತುದಿಯ ನೊಗವನ್ನು ತಬ್ಬಿಕೊಂಡ ಕ್ಯಾತಪ್ಪ ಹುಣಸೆಕೊಂಬೆಗಳ ನಡುವೆ ಕಾಣೆಯಾದ. ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿ ಮರದ ಪುಡಿಯ ರಾಶಿಯಲ್ಲಿ ಕೂತಿತು, ಎಂಜಿನ್ನು ತಾನೇ ಆರಿತು.

ಗಂಗಾಧರಯ್ಯ: ಕ್ಯಾತಪ್ಪ ಎಲ್ಲಿ?

ಕ್ಯಾತಪ್ಪ: ಇಲ್ಲೇ ಅವ್ನಿ ಸಾಮಿ. ಹುಣಸೆಹಣ್ಣು ಚೆನ್ನಾಗವೆ ಈ ಸಲ.

ಆಚಾರಿ: ತಡೀರಿ ಅಂದ್ರೆ ನುಗ್ಗಿದ್ರಲ್ಲ.

ಗಂಗಾಧರಯ್ಯ: ನಡೀರಿ ಅಂದೋನು ನೀನು.

ಆಚಾರಿ: ತಡೀರಿ ಅಂದೆ.

ಗಂಗಾಧರಯ್ಯ: ಎರಡು ಸಲ ನಡೀರಿ ಅಂದೆ.

ಆಚಾರಿ: ಎರಡು ಸಲವೂ ತಡೀರಿ ಅಂದೆ.

ಕ್ಯಾತಪ್ಪ: ಮೊದಲು ನನ್ನ ಇಳಿಸಿ. ಆಮೇಲೆ ಏನಾದ್ರೂ ಅನ್ಕೊಳ್ಳಿ.

ಅವನನ್ನು ಇಳಿಸಿದ್ದಾಯಿತು. ರಾಜಲಕ್ಷ್ಮಮ್ಮ ಗಂಡನ ಕೈಯಿಂದ ಕೀಲಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಊರುಗೋಲು ಕೊಟ್ಟು, ನಾಲ್ಕು ಜನ ತಳ್ಳಿ ಕಾರನ್ನು ಹತ್ತಿಸಿದರು. ಆಚಾರಿ ಅದನ್ನು ಒಂದು ಗೇಣು ಮುಂದೆ, ನಾಲ್ಕು ಬೆರಳು ಹಿಂದೆ ಸರಿಸುತ್ತ, ಭಾರ ಸಮನಾಗಿ ಒಂದೇ ಕೈಯಲ್ಲಿ ಮೂಕಿ ಎತ್ತಲು ಬರುವ ಜಾಗ ಸಿಕ್ಕಿದ ಕೂಡಲೇ ಹಲಗೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿ ಹಗ್ಗ ಬಿಗಿದ.

ಬೆಂಗಳೂರಿಗೆ ನಾಲ್ಕು ದಿನದ ದಾರಿ. ಕ್ಯಾತಪ್ಪ ತನ್ನ ಎತ್ತು ಹೂಡಿದ, ಆಚಾರಿಯೂ ಜೊತೆಗೆ ಹೊರಟ. ಗಂಡಹೆಂಡತಿ ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದರು. ಚಾಪೆಯೊಳಗೆ ಏನು ಅಂತ ಜನ ಕೇಳಿದರೆ ಕ್ಯಾತಪ್ಪ ಒಂದೂರಲ್ಲಿ ಸರ್ಕಾರದ ಕರಡಿ ಅಂದ, ಮುಂದಿನ ಊರಲ್ಲಿ ಹೊಸ ಅಮಲ್ದಾರರ ಸ್ನಾನದ ತೊಟ್ಟಿ ಅಂದ. ಮೋಟಾರು ಅಂತ ಒಂದೂರಲ್ಲಿ ನಿಜವನ್ನೇ ಹೇಳಿದ. ಅಲ್ಲಿ ಮಾತ್ರ ಯಾರೂ ನಂಬಲಿಲ್ಲ.

ಪಂದ್ಯದ ಮೈದಾನದಲ್ಲಿ ಏಳು ಕಾರು ನಿಂತಿದ್ದವು. ಬಾವುಟ ಬೀಸಿದರು, ಹೊರಟವು. ಆಚಾರಿಯೂ ಕ್ಯಾತಪ್ಪನೂ ಗಾಡಿಯ ಮೇಲೆ ನಿಂತು ನೋಡಿದರು.

ಕ್ಯಾತಪ್ಪ: ಹೊರಟಲ್ಲಿಗೇ ಬತ್ತಾವ್ರೆ. ದಾರಿ ತಪ್ಪಿದ್ರಾ?

ಆಚಾರಿ: ಸುತ್ತೋದೇ ಅಂತೆ ಕಣ್ಲಾ.

ಕ್ಯಾತಪ್ಪ: ಇಷ್ಟಕ್ಕೆ ನಾಕು ದಿನ ಬಂದ್ವಾ? ಮಿಲ್ಲಿನ ಸುತ್ತಲೇ ಸುತ್ತಬೋದಿತ್ತಲ್ಲ.

ಹತ್ತು ಸುತ್ತಿನ ಪಂದ್ಯ. ಕೋಲಾರದಿಂದ, ಮೈಸೂರಿನಿಂದ, ಇನ್ನೆಲ್ಲಿಂದಲೋ ಓಡಿಸಿಕೊಂಡು ಬಂದ ಕಾರುಗಳಿಗೆ ದಾರಿಯಲ್ಲೇ ಅರ್ಧ ಜೀವ ಹೋಗಿತ್ತು. ಮೂರನೆಯ ಸುತ್ತಿಗೆ ಎರಡು ನಿಂತವು. ಆರನೆಯ ಸುತ್ತಿಗೆ ಶಿರಾದ ನಂದೀಶ್ವರಯ್ಯನವರ ನೀಲಿ ಕಾರು ಹೊಗೆ ಕಾರಿ ಮೈದಾನದ ನಡುವೆ ಕೂತಿತು. ನಾಲ್ಕು ದಿನ ಚಾಪೆ ಹೊದ್ದು ಮಲಗಿಕೊಂಡು ಬಂದಿದ್ದ ಕೆಂಪು ಕಾರು ಮಾತ್ರ ಮೊದಲ ಸುತ್ತಿನ ಹುರುಪಿನಲ್ಲೇ ಹತ್ತನೆಯ ಸುತ್ತನ್ನೂ ಮುಗಿಸಿತು. ಗಂಗಾಧರಯ್ಯನವರು ಗೆದ್ದರು. ಅವರಿಗೇ ಅದನ್ನು ಮೂರು ಜನ ಹೇಳಬೇಕಾಯಿತು.

ಅತ್ತ ಅವರಿಗೆ ಬೆಳ್ಳಿಯ ಬಟ್ಟಲು ಕೊಡುತ್ತಿದ್ದಾಗ ಇತ್ತ ನಂದೀಶ್ವರಯ್ಯನವರು ಗಾಡಿಯನ್ನು ಸುತ್ತು ಹಾಕಿ ನೋಡುತ್ತಿದ್ದರು. ಗಾಲಿ ತಟ್ಟಿದರು. ಹಲಗೆಯ ಕೂಡಿಕೆಯ ಮೇಲೆ ಉಗುರು ಎಳೆದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ನಂದೀಶ್ವರಯ್ಯ: ಇದನ್ನ ಮಾಡಿದೋರು ಯಾರು?

ಆಚಾರಿ ಎದೆಯ ಮೇಲೆ ಕೈಯಿಟ್ಟು ತೋರಿಸಿಕೊಂಡ. ನಂದೀಶ್ವರಯ್ಯನವರು ಇನ್ನೊಂದು ಮಾತು ಕೇಳಿದರು. ಆಚಾರಿ ರಾಜಲಕ್ಷ್ಮಮ್ಮನವರ ಮುಖ ನೋಡಿದ. ಅವರು ಸ್ವಲ್ಪ ಯೋಚಿಸಿ ಹೂಂ ಅಂದರು.

ಗಂಗಾಧರಯ್ಯನವರು ಕೊರಳಲ್ಲಿ ಹಾರ, ಕೈಯಲ್ಲಿ ಬಟ್ಟಲು ಹಿಡಿದು ಬಂದರು.

ಗಂಗಾಧರಯ್ಯ: ಹಲಗೆ ಇಳಿಸು ಆಚಾರಿ. ಕಾರು ಹತ್ತಿಸೋಣ.

ಆಚಾರಿ: ಹತ್ತಿಸಿ ಆಯ್ತು ಸಾಮಿ.

ಗಂಗಾಧರಯ್ಯ: ಇದು ನೀಲಿ ಕಾರು.

ಆಚಾರಿ: ಊಂ ಸಾಮಿ. ಶಿರಾದೋರದ್ದು. ನಮ್ಮೂರ ಮೇಲೂ ಹೋಗಬೋದಲ್ಲ.

ಗಂಗಾಧರಯ್ಯ: ನಂದು?

ಆಚಾರಿ: ನಿಮ್ದು ಗೆದ್ದೈತಲ್ಲ. ಅವರದ್ದು ಅಲ್ಲಾಡಾಕಿಲ್ಲ, ಪಾಪ.

ಗಂಗಾಧರಯ್ಯ: ನನ್ನ ಗಾಡಿಗೆ ಇನ್ನೊಬ್ಬರ ಕಾರು ಹತ್ತಿಸು ಅಂದೋರು ಯಾರು?

ರಾಜಲಕ್ಷ್ಮಮ್ಮ: ನಾನು.

ಗಂಗಾಧರಯ್ಯ: ನಿನಗೇನು ಬಂತೇ? ಪಂದ್ಯದ ಕಾರು ಅದು. ಅರವತ್ತು ಮೈಲಿ ಆ ರಸ್ತೇಲಿ ಓಡಿಸಿದ್ರೆ ಏನಾಗುತ್ತೆ ಗೊತ್ತಾ?

ರಾಜಲಕ್ಷ್ಮಮ್ಮ: ಏನಾದ್ರೂ ಆಗಲಿ. ಇದು ಮನೆಗೆ ಬಂದು ಮೂರು ವರ್ಷ ಆಯ್ತು. ಎರಡು ಸೀಟಿದೆ. ಒಂದರಲ್ಲಿ ನೀವು ಕೂರ್ತೀರಿ, ಇನ್ನೊಂದರಲ್ಲಿ ನಿಮ್ಮ ಟೋಪಿ ಕೂರುತ್ತೆ. ನನ್ನ ಕೂರಿಸಿದ್ರೆ ಭಾರ ಆಗುತ್ತೆ, ವೇಗ ಹೋಗುತ್ತೆ ಅಂತೀರಿ. ಇವತ್ತು ವೇಗ ಯಾರಿಗೂ ಬೇಕಿಲ್ಲ.

ಅವರು ಸೀಟಿನಿಂದ ಚರ್ಮದ ಟೋಪಿ ಎತ್ತಿ ಗಂಡನ ಕೈಗೆ ಕೊಟ್ಟರು. ಸೀರೆಯ ನಿರಿಗೆ ಒಟ್ಟುಮಾಡಿಕೊಂಡು ಕೂತು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡರು. ಗಂಗಾಧರಯ್ಯನವರು ಆಚಾರಿಯನ್ನು ನೋಡಿದರು. ಆಚಾರಿಗೆ ಆಗಲೇ ಹಗ್ಗದ ಗಂಟೊಂದನ್ನು ಬಿಗಿಯುವ ಅವಸರದ ಕೆಲಸ ಬಿದ್ದಿತ್ತು. ಕ್ಯಾತಪ್ಪನನ್ನು ನೋಡಿದರು. ಅವನು ಎತ್ತಿನ ಕೊಂಬು ಒರೆಸುತ್ತಿದ್ದ. ಕೊನೆಗೆ ಅವರೂ ಹತ್ತಿ ಕೂತರು.

ಗಂಗಾಧರಯ್ಯ: ಗಟ್ಟಿಯಾಗಿ ಹಿಡ್ಕೋ.

ರಾಜಲಕ್ಷ್ಮಮ್ಮ: ನಿಧಾನಕ್ಕೆ ಓಡಿಸಿ. ಎಲ್ಲರೂ ನೋಡಲಿ.