ಮರದ ನೆಲಕ್ಕೊಂದು ಅಮಾವಾಸ್ಯೆ

ಮನುಷ್ಯನಿಗೆ ತಲೆಯ ಮೇಲೊಂದು ಸೂರು ಬೇಕು ಎಂಬುದರಲ್ಲಿ ನನ್ನ ತಕರಾರೇನೂ ಇಲ್ಲ. ಕಾಲ ಕೆಳಗೆ ನೆಲವೂ ಬೇಕು ಎನ್ನುವಲ್ಲಿಂದ ನನ್ನ ತಕರಾರು ಶುರುವಾಗುತ್ತದೆ. ಸೂರನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ, ಸೋರದಿದ್ದರೆ ಸಾಕು. ನೆಲ ಹಾಗಲ್ಲ. ಬಂದವರೆಲ್ಲ ಚಪ್ಪಲಿ ಬಿಡುವಾಗಲೇ ಅದನ್ನು ನೋಡುತ್ತಾರೆ, ನೋಡಿದ ಮೇಲೆ ಏನಾದರೊಂದು ಅಂದೇ ಒಳಗೆ ಬರುತ್ತಾರೆ. ನಾವು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಫ್ಲ್ಯಾಟ್ ಕೊಂಡ ಕಾಲಕ್ಕೆ ಬಿಲ್ಡರುಗಳು ಗಿರಾಕಿಯ ಅಭಿರುಚಿಗೆ ಮರ್ಯಾದೆ ಕೊಡುವುದನ್ನು ಹೊಸದಾಗಿ ಕಲಿತಿದ್ದರು. ನಮ್ಮವನು ಎಲ್ಲ ಕೋಣೆಗಳಿಗೂ ಟೈಲ್ಸ್ ಹಾಕಿಸಿ, ಹಾಲನ್ನು ಮಾತ್ರ ಬರಿಯ ಸಿಮೆಂಟಿನಲ್ಲಿ ಬಿಟ್ಟು, "ಇದು ನಿಮ್ ಟೇಸ್ಟ್ ಸಾರ್, ನಾವ್ ಕೈ ಹಾಕಲ್ಲ" ಎಂದ. ನನಗೆ ಟೇಸ್ಟ್ ಇದೆ ಎಂದು ಅದುವರೆಗೆ ಯಾರೂ ಆಪಾದಿಸಿರಲಿಲ್ಲ.

ಟೇಸ್ಟ್ ಇರುವುದು ನನ್ನ ಹೆಂಡತಿ ಸುಜಾತಾಳಿಗೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಇಂದಿರಾನಗರದಲ್ಲಿರುವ ತನ್ನ ಮ್ಯಾನೇಜರ್ ಮನೆಗೆ ಊಟಕ್ಕೆ ಹೋಗಿ ಬಂದವಳು ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕಾಲಿಟ್ರೆ ಬೆಚ್ಚಗಿತ್ತು ರೀ. ಅಪ್ಪಟ ತೇಗದ ನೆಲ. ನಮ್ ಹಾಲ್‌ಗೂ ಅದೇ ಹಾಕಿಸ್ಬೇಕು" ಎಂದಳು. ಮುಂದಿನ ಭಾನುವಾರ ಇಬ್ಬರೂ ಅಂಗಡಿಗೆ ಹೋದೆವು. ಟೈ ಕಟ್ಟಿದ್ದ ಹುಡುಗನೊಬ್ಬ ಎರಡು ಹಲಗೆಗಳನ್ನು ಮುಂದಿಟ್ಟ. "ಇದು ಹಾರ್ಡ್‌ವುಡ್ ಸಾರ್, ಒರಿಜಿನಲ್ ಮರ. ಇದು ಲ್ಯಾಮಿನೇಟ್. ಒಳಗಡೆ ಮರದ ಪುಡಿ ಒತ್ತಿರ್ತಾರೆ, ಮೇಲ್ಗಡೆ ಮರದ ಫೋಟೋ ಅಂಟಿಸಿ ಕೋಟಿಂಗ್ ಕೊಟ್ಟಿರ್ತಾರೆ."

"ಮರದ ಫೋಟೋನಾ?" ಎಂದೆ.

"ಹೌದು ಸಾರ್. ಆದ್ರೆ ಕಲರ್ ಫೋಟೋ" ಎಂದು ಧೈರ್ಯ ಹೇಳಿದ. ಆಮೇಲೆ, "ಎರಡಕ್ಕೂ ನೀರು ಮಾತ್ರ ಹಾಕ್ಬೇಡಿ. ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ" ಎಂದು ಸೇರಿಸಿದ.

ಎರಡೂ ಬಗೆಯ ತುಂಡುಗಳನ್ನು ಮನೆಗೆ ತಂದೆವು. ಬಲಗಾಲು ತೇಗದ ಮೇಲೆ, ಎಡಗಾಲು ಲ್ಯಾಮಿನೇಟಿನ ಮೇಲೆ ಇಟ್ಟು ನಿಂತು ನಾನು ಬೆಳಗಿನ ಕಾಫಿ ಕುಡಿದೆ. ಯಾವ ಕಾಲೂ ಏನೂ ಹೇಳಲಿಲ್ಲ. ಆಫೀಸಿನಲ್ಲಿ ಕೇಳಿದರೆ ಒಬ್ಬ "ಮರ ಅಂದ್ರೆ ಗೆದ್ದಲು ಗುರು" ಎಂದ. ಇನ್ನೊಬ್ಬ ಲ್ಯಾಮಿನೇಟ್ ಮೇಲೆ ನಡೆದರೆ ಟಕಟಕ ಸದ್ದು ಬಂದು ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ ಎಂದ. ತಾವೇ ಬಾಡಿಗೆ ಮನೆಯಲ್ಲಿರುವವರು ಪರರ ನೆಲದ ಬಗ್ಗೆ ಎಷ್ಟು ಖಚಿತವಾಗಿ ಮಾತಾಡುತ್ತಾರೆ ಎಂದು ನನಗೆ ಮೈಯೆಲ್ಲ ಉರಿಯಿತು.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಆದರೆ ನಮ್ಮ ಜೊತೆಗಿದ್ದ ನನ್ನ ಅವ್ವ ರಾಣೆಬೆನ್ನೂರಿನವಳು. ಪ್ರತಿ ಅಮಾವಾಸ್ಯೆಗೆ ಮನೆಗೆ ಕೊಡಗಟ್ಟಲೆ ನೀರು ಸುರಿದು, ಕಸಬರಿಗೆಯಲ್ಲಿ ತಿಕ್ಕಿ ತೊಳೆಯದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದರೆ ಅವಳ ಲೆಕ್ಕದಲ್ಲಿ ಕೊಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ಕಳಿಸುವುದು.

"ನೆಲಕ್ಕ ನೀರ ಹಾಕಬಾರದಂತ? ಅದೇನ್ ನೆಲಾನೋ, ನೆಗಡಿ ಬಂದ ಕೂಸೋ?" ಎಂದಳು. "ಅಮಾಸಿಗೆ ತೊಳಿಯದ ಮನ್ಯಾಗ ನಾ ಇರಂಗಿಲ್ಲ. ದಾವಣಗೆರಿಗೆ ನಿನ್ನ ತಮ್ಮನ ಮನಿಗೆ ಹೋಗ್ತೀನಿ." ಬರೀ ಮಾತಲ್ಲ, ಲಾಫ್ಟಿನ ಮೇಲಿದ್ದ ತನ್ನ ಟ್ರಂಕನ್ನು ನನ್ನಿಂದಲೇ ಕೆಳಗಿಳಿಸಿಕೊಂಡಳು. ಸುಜಾತಾ ರೂಮಿಗೆ ಕರೆದು, "ಅತ್ತೆ ಹೋದ್ರೆ ಸೊಸೆ ಓಡಿಸಿದ್ಲು ಅಂತ ನಿಮ್ ಊರೆಲ್ಲ ಅನ್ನುತ್ತೆ. ಅದಕ್ಕೆ ನಾನ್ ತೇಗ ಬಿಡ್ಬೇಕಾ?" ಎಂದು ಕಣ್ಣೊರೆಸಿಕೊಂಡಳು. ಅವ್ವನಿಲ್ಲದ ಮನೆಯಲ್ಲಿ ತೇಗವಿದ್ದರೇನು, ಗಂಧದ ಮರವಿದ್ದರೇನು!

ಆಗ ನನಗೆ ಬುದ್ಧಿ ಓಡಿತು. ನನ್ನ ಬುದ್ಧಿ ಕೂತಲ್ಲೇ ಕೂತಾಗ ಇಂಥ ಅನಾಹುತಗಳು ಆಗುವುದಿಲ್ಲ. ಸುಜಾತಾಳಿಗೆ, "ಅವ್ವ ಲ್ಯಾಮಿನೇಟ್‌ಗೆ ಮನಸ್ಸು ಮಾಡಿದ್ದಾಳೆ, ಒರೆಸಿದ್ರೆ ಸಾಕಂತೆ. ನೋಡೋಕೆ ತೇಗದ ಹಾಗೇ ಇರುತ್ತೆ, ಒಪ್ಕೊಂಡ್ಬಿಡು" ಎಂದೆ. ಅವ್ವನ ಹತ್ತಿರ ಹೋಗಿ, "ಇದು ಮರ ಅಲ್ಲವ್ವಾ, ಲ್ಯಾಮಿನೇಷನ್. ಜೋಗುಪಾಳ್ಯದಾಗ ನಿನ್ನ ಬನಶಂಕರಿ ದೇವರ ಫೋಟೋಕ್ಕ ಮಾಡಿಸಿಕೊಂಡು ಬಂದಿದ್ನಲ್ಲ, ಹಂಗ" ಎಂದೆ. ಆ ಫೋಟೋವನ್ನು ಅವಳು ವಾರವಾರ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದಳು.

"ಹಂಗಂದ್ರ ಛಲೋ ಆತು. ಮೊದಲ ಹೇಳಬಾರದಾ?" ಎಂದಳು. ಅವಳು ಅಷ್ಟು ಸಲೀಸಾಗಿ ಒಪ್ಪಿದಾಗ ನಾನು ಹೆದರಬೇಕಿತ್ತು. ಬದಲಿಗೆ ಹೆಮ್ಮೆಪಟ್ಟೆ.

ನೆಲ ಬಂತು. ಹೊಳೆಯಿತು. ಬಂದವರೆಲ್ಲ ತೇಗವೆಂದೇ ತಿಳಿದರು, ಸುಜಾತಾ ತಿದ್ದಲಿಲ್ಲ. ಆಮೇಲೆ ಅಮಾವಾಸ್ಯೆಯೂ ಬಂತು. ನಾವಿಬ್ಬರೂ ಆಫೀಸಿಗೆ ಹೋಗಿದ್ದಾಗ ಅವ್ವ ಹಾಲಿನ ನೆಲಕ್ಕೆ ಧಾರಾಳವಾಗಿ ನೀರು ಸುರಿದು, ಫಿನಾಯಿಲ್ ಹಾಕಿ ತಿಕ್ಕಿ, ಬಾಗಿಲಿನತ್ತ ನೂಕಿದ್ದಳು. ಹೊರಗೆ ಹರಿದದ್ದು ಸ್ವಲ್ಪ, ಉಳಿದದ್ದನ್ನು ನೆಲ ಕುಡಿದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಹಲಗೆಗಳ ಅಂಚುಗಳೆಲ್ಲ ಎದ್ದು ನಿಂತಿದ್ದವು. ಟೀಪಾಯಿ ಒಂದು ಕಡೆಗೆ ವಾಲಿತ್ತು.

"ನೀರು ಹಾಕಿದ್ಯಾಕವ್ವಾ?" ಎಂದು ಕಿರುಚಿದೆ.

"ನೀನ ಹೇಳಿದ್ದಲ್ಲೋ ಲ್ಯಾಮಿನೇಷನ್ ಅಂತ? ಬನಶಂಕರೀನ ಇಷ್ಟ್ ವರ್ಷದಿಂದ ತೊಳೀತೀನಿ, ಆಕಿ ಒಂದ್ ದಿನಾನೂ ಉಬ್ಬಿಲ್ಲ."

ಸುಜಾತಾ ಈಗ ಅತ್ತೆಯ ಮೇಲೆ ಸಿಡಿಯುತ್ತಾಳೆ, ಟ್ರಂಕು ದಾವಣಗೆರೆಗೆ ಹೊರಡುತ್ತದೆ ಎಂದುಕೊಂಡೆ. ಆದರೆ ಅವಳು ಮೆತ್ತಗೆ, "ಅತ್ತೆ, ಲ್ಯಾಮಿನೇಟೇ ಬೇಕು ಅಂತ ಹಟ ಹಿಡಿದಿದ್ದು ನೀವಲ್ವಾ?" ಎಂದಳು.

"ನಾನಾ? ಇವ ಹೇಳೋತನಕ ನನಗ ಆ ಹೆಸರ ಗೊತ್ತಿದ್ದಿಲ್ಲವ್ವಾ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಮೊದಲು ನಕ್ಕವಳು ಅವ್ವ. ಸುಜಾತಾ ನಗುತ್ತಲೇ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದಳು, ಎರಡೇ ಲೋಟ. ಉಬ್ಬಿದ ನೆಲದ ಮೇಲೆ ಕಾಲು ಚಾಚಿ ಕೂತು ಇಬ್ಬರೂ ಗ್ರಾನೈಟು ಒಳ್ಳೆಯದೋ ಟೈಲ್ಸು ಒಳ್ಳೆಯದೋ ಎಂದು ಮಾತಿಗಿಳಿದರು. ಟ್ರಂಕನ್ನು ಮತ್ತೆ ಲಾಫ್ಟಿಗೆ ಏರಿಸುವ ಕೆಲಸ ನನಗೆ ಬಂತು.

ಭಾನುವಾರ ಇಬ್ಬರೂ ಅಂಗಡಿಗೆ ಹೊರಟು ನಿಂತಾಗ ನಾನೂ ಚಪ್ಪಲಿ ಮೆಟ್ಟಿಕೊಂಡೆ. "ಅವ ಬ್ಯಾಡ ಸುಜಾತಾ," ಎಂದಳು ಅವ್ವ, "ಅಲ್ಲಿ ಬಂದು ಮತ್ತೇನರ ತಿಳಿಸಿ ಹೇಳ್ಯಾನು." ಆಟೋದಲ್ಲಿ ಅತ್ತೆ ಸೊಸೆ ಒತ್ತಿಕೊಂಡು ಕೂತು ಹೋದರು. ಮದುವೆಯಾದಾಗಿನಿಂದ ಇವರಿಬ್ಬರೂ ಒಂದಾಗಲಿ ಎಂದು ನಾನು ಬೇಡದ ದೇವರಿಲ್ಲ. ಯಾರ ವಿರುದ್ಧ ಎಂದು ಬಿಡಿಸಿ ಹೇಳದೆ ಹೋದದ್ದು ನನ್ನದೇ ತಪ್ಪು.