ಕಣ್ಣು ಬಿಡದ ಅರ್ಜಿದಾರಳು

"ಗುರುತಿನ ಚೀಟಿಯ ಫೋಟೋ ಅಂದ್ರೆ ಹೇಗಿರುತ್ತೆ ಅಂತ ನನಗೆ ಹೇಳ್ಬೇಡ. ಯಾರದ್ದೇ ನೋಡು, ಈಗಷ್ಟೇ ಪೊಲೀಸರು ಬಿಟ್ಟು ಕಳಿಸಿದ ಹಾಗಿರುತ್ತೆ. ನನ್ನ ಮಗಳದ್ದು ಹಾಗಿರೋಲ್ಲ. ಆ ಫೋಟೋ ನೋಡಿ ಅಧಿಕಾರಿಗಳು ಎದ್ದು ನಿಂತು ಸಹಿ ಹಾಕ್ಬೇಕು!"

ತೊಟ್ಟಿಲ ಪಕ್ಕ ನಿಂತು ಹೀಗೆ ಘೋಷಿಸಿದವನು ಸ್ಟೆಡಿ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಸ್ಟುಡಿಯೋದಲ್ಲಿ ಕ್ಯಾಮೆರಾದ ಹಿಂದೆ ನಿಂತು ಬಂದವರನ್ನೆಲ್ಲ "ಸ್ಟೆಡಿ! ಸ್ಟೆಡಿ!" ಎಂದು ಗದರಿಸಿ ಗದರಿಸಿ, ಬೀದಿಯವರ ಬಾಯಲ್ಲಿ ಅದೇ ಅವನ ಹೆಸರಾಗಿ ಉಳಿದುಬಿಟ್ಟಿತು. ಫೋಟೋ ತೆಗೆಯುವುದರಲ್ಲಿ ಅವನು ನಿಪುಣ. ತೆಗೆದದ್ದನ್ನು ತಿದ್ದುವುದರಲ್ಲಿ ಮಹಾ ನಿಪುಣ. ಮದುವೆಯ ಗುಂಪಿನಲ್ಲಿ ಮದುಮಗನೇ ಕಣ್ಣು ಮುಚ್ಚಿದ್ದರೆ ಇನ್ನೊಂದು ಫೋಟೋದಿಂದ ಅವನ ಕಣ್ಣು ತಂದು ಕೂರಿಸುತ್ತಿದ್ದ. ಮುನಿಸಿಕೊಂಡ ಚಿಕ್ಕಪ್ಪನಿಗೆ ನಗು ಕೊಡಿಸುತ್ತಿದ್ದ, ಹಲ್ಲುದುರಿದವರಿಗೆ ಹಲ್ಲು. ದೇವರು ಅವಸರದಲ್ಲಿ ಬಿಟ್ಟುಹೋದ ಕೆಲಸವನ್ನೆಲ್ಲ ಸ್ಟೆಡಿ ಸಾವಧಾನವಾಗಿ ಮುಗಿಸುತ್ತಿದ್ದ. ಅವನದೇ ಗುರುತಿನ ಚೀಟಿಯಲ್ಲಿ ಹಣೆಯ ಮೇಲೆ ದಟ್ಟ ಕೂದಲು ಅಲೆಅಲೆಯಾಗಿ ಇಳಿದಿತ್ತು. ವಾಸ್ತವದಲ್ಲಿ ಆ ಜಾಗ ಮದುವೆಗೆ ಮುಂಚಿನಿಂದಲೂ ಖಾಲಿ ಬಿದ್ದಿತ್ತು.

ಹೆಂಡತಿ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಹೆರಿಗೆ ರಜೆಯಲ್ಲಿದ್ದಳು. ಮನೆಯಲ್ಲಿ ಅವಳ ದನಿ ಮೆತ್ತಗೆ. ಮೈಕಿನ ಮುಂದೆ ಕೂತಳೆಂದರೆ ಮಾತ್ರ ಇಡೀ ಸ್ಟೇಷನ್ ಸೆಟೆದು ನಿಲ್ಲುತ್ತಿತ್ತು.

"ಫೋಟೋ ಚಂದ ಬರ್ದೇ ಇದ್ರೂ ಪರವಾಗಿಲ್ಲ ರೀ, ಚೀಟಿ ಬಂದ್ರೆ ಸಾಕು," ಎಂದಳು. "ಭಾನುವಾರ ಗಾಡಿ ಇದೆ. ಅಜ್ಜಿ ಕಾಯ್ತಾ ಇದಾಳೆ."

ಅಜ್ಜಿ ಎಂದರೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ತಾಯಿಯ ತಾಯಿ. ಗಡಿಯಾಚೆ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು "ಬರೋದಿದ್ರೆ ಬೇಗ ಬನ್ನಿ" ಎಂದುಬಿಟ್ಟಿದ್ದರು. ಮರಿಮಗಳನ್ನು ಒಂದು ಸಲ ಮಡಿಲಲ್ಲಿ ಮಲಗಿಸಿಕೊಳ್ಳಬೇಕು ಎಂಬುದೊಂದೇ ಅವಳ ಹಟ. ಆದರೆ ಗಡಿ ದಾಟುವ ಗಾಡಿಯಲ್ಲಿ ಕೈಗೂಸಿಗೂ ಗುರುತಿನ ಚೀಟಿ ಕಡ್ಡಾಯ. ಚೀಟಿ ಇಲ್ಲದಿದ್ದರೆ ಮಗುವಿಲ್ಲ, ಮಗುವಿಲ್ಲದಿದ್ದರೆ ತಾಯಿಯೂ ಇಲ್ಲ.

"ಯೋಚನೆ ಬಿಡು," ಎಂದ ಸ್ಟೆಡಿ. "ಇದು ನನಗೆ ನೀರು ಕುಡಿದಷ್ಟು ಸುಲಭ."

ಫೋಟೋಕ್ಕೆ ಸರ್ಕಾರದ ನಿಯಮಗಳಿದ್ದವು. ಮುಖ ನೇರವಾಗಿರಬೇಕು, ಕಣ್ಣು ಬಿಟ್ಟಿರಬೇಕು, ಹಿಂಬದಿ ಬಿಳಿಯಾಗಿರಬೇಕು, ಇನ್ನೊಬ್ಬರ ಕೈಕಾಲು ಕಾಣಬಾರದು. ಮಗುವಿಗೂ ತನ್ನದೇ ನಿಯಮಗಳಿದ್ದವು. ಕತ್ತು ನಿಲ್ಲುವುದಿಲ್ಲ, ಬೆಳಕು ಕಂಡರೆ ಕಣ್ಣು ತೆರೆಯುವುದಿಲ್ಲ.

ಕತ್ತಿನ ಸಮಸ್ಯೆಗೆ ಸ್ಟೆಡಿ ತಕ್ಷಣ ಪರಿಹಾರ ಕಂಡುಹಿಡಿದ. ಬಾಣಂತನಕ್ಕೆ ಬಂದಿದ್ದ ಅತ್ತೆಯನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಪಾದದವರೆಗೆ ಬಿಳಿ ಬೆಡ್‌ಶೀಟು ಹೊದಿಸಿ, ಶೀಟಿನ ಮೇಲೆ ಮಗುವನ್ನು ಇಟ್ಟ.

"ಅಳಿಯಂದಿರೇ, ನನಗೇನೂ ಕಾಣಿಸ್ತಿಲ್ಲ," ಎಂದಿತು ಬೆಡ್‌ಶೀಟು.

"ನೀವು ನೋಡೋ ಅಗತ್ಯ ಇಲ್ಲ ಅತ್ತೆ. ನೀವೀಗ ಕುರ್ಚಿ. ಸ್ಟೆಡಿ!"

ಕುರ್ಚಿ ಅಲ್ಲಾಡಲಿಲ್ಲ. ಮಗು ನಿದ್ದೆ ಮಾಡಿತು. ಸ್ಟೆಡಿ ಗಿಲಕಿ ಆಡಿಸಿದ, ಚಿಟಿಕೆ ಹೊಡೆದ, ಬೆಕ್ಕಾದ, ನಾಯಿಯಾದ, ಕೊನೆಗೆ ಇಂಥದ್ದೇ ಎಂದು ಹೇಳಲಾಗದ ಒಂದು ಪ್ರಾಣಿಯೂ ಆದ. ಮಗು ನಿದ್ದೆಯಲ್ಲೇ ಆಕಳಿಸಿತು.

ಬಾಗಿಲಲ್ಲಿ ನಿಂತ ಹೆಂಡತಿ, "ನಾನೊಂದ್ಸಲ ಕೂಗ್ಲಾ? ಹೊಟ್ಟೆಲಿದ್ದಾಗ ನಾನು ಮೈಕ್ ಹಿಡಿದ್ರೆ ಸಾಕು, ಎದ್ದು ಒದೀತಿದ್ಲು," ಎಂದಳು.

"ಇದು ಸ್ಟುಡಿಯೋ ಕಣೇ, ಸ್ಟೇಷನ್ ಅಲ್ಲ. ಕಸುಬಿನ ವಿಷಯ ಕಸುಬಿನವರಿಗೆ ಬಿಡು."

ಅವಳು ಬಿಟ್ಟಳು. ಅವನು ಸಿಕ್ಕಷ್ಟು ಫೋಟೋ ತೆಗೆದ. ಒಂದರಲ್ಲೂ ಕಣ್ಣು ತೆರೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮರುದಿನ ನೋಡೋಣ ಎನ್ನುತ್ತಿದ್ದರು. ಸ್ಟೆಡಿ ಹಾಗೆ ಸೋಲೊಪ್ಪುವ ಆಸಾಮಿಯಲ್ಲ. ಮಗುವಿನ ಕಣ್ಣು ಇಲ್ಲದಿದ್ದರೇನು, ಮಗುವಿನಂಥ ಕಣ್ಣು ಇದ್ದರೆ ಸಾಲದೇ? ನೋಡಲು ಬಂದವರೆಲ್ಲ ತೊಟ್ಟಿಲಿಗೆ ಬಗ್ಗಿ ಒಂದೇ ಮಾತು ಹೇಳಿದ್ದರು: "ಥೇಟ್ ಅಜ್ಜಿ ಕಣ್ಣು!" ಆ ಅಜ್ಜಿಯ, ಅಂದರೆ ಅತ್ತೆಯ, ಗುರುತಿನ ಚೀಟಿಯ ಫೋಟೋ ತೆಗೆದವನೂ ಸ್ಟೆಡಿಯೇ. ಅದರಲ್ಲಿ ಕಣ್ಣುಗಳು ನಿಚ್ಚಳವಾಗಿದ್ದವು. ಅವನ್ನು ಎತ್ತಿ, ಕಿರಿದು ಮಾಡಿ, ಕೂಸಿನ ಮುಖದಲ್ಲಿ ಕೂರಿಸಿದ.

ಕೆಲಸವೇನೋ ಅಚ್ಚುಕಟ್ಟಾಗಿತ್ತು. ಆದರೆ ಮೊನ್ನೆ ಮೊನ್ನೆ ಹುಟ್ಟಿದ ಕೂಸು, ಅಡುಗೆಮನೆಯಲ್ಲಿ ಯಾರೋ ಹಾಲು ಉಕ್ಕಿಸಿದ್ದಾರೆ ಎಂಬಂತೆ ನೋಡುತ್ತಿತ್ತು. "ಗಂಭೀರವಾದ ಮಗು," ಎಂದುಕೊಂಡು, ಹೆಂಡತಿಗೂ ತೋರಿಸದೆ ಕಚೇರಿಗೆ ಕಳುಹಿಸಿದ.

ಶುಕ್ರವಾರ ಮಧ್ಯಾಹ್ನ ಚೀಟಿಯ ಬದಲು ಫೋನು ಬಂತು. ಅರ್ಜಿದಾರರನ್ನು ಕರೆದುಕೊಂಡು ಕೂಡಲೇ ಬರಬೇಕಂತೆ. ಸಂಶಯ ಬಂದಿದೆಯಂತೆ. ಜೊತೆಗೆ ಅತ್ತೆಯೂ ಬರಬೇಕಂತೆ.

ಕಚೇರಿಯ ಹಾಲ್‌ನಲ್ಲಿ ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗೋಡೆಯ ಟೋಕನ್ ಪರದೆ ನೋಡುತ್ತಾ ತೂಕಡಿಸುತ್ತಿದ್ದರು. ಕೌಂಟರಿನಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ಕಂಪ್ಯೂಟರನ್ನು ನೋಡಿದಳು, ಮಗುವನ್ನು ನೋಡಿದಳು, ಅತ್ತೆಯನ್ನು ಬಹಳ ಹೊತ್ತು ನೋಡಿದಳು.

"ಅರ್ಜಿದಾರರು ಯಾರು?"

"ಇವಳು," ಎಂದು ಸ್ಟೆಡಿ ಮಗುವನ್ನು ತೋರಿಸಿದ.

"ಯಂತ್ರ ಇವರು ಅಂತಿದೆ," ಎಂದು ಅಧಿಕಾರಿಣಿ ಅತ್ತೆಯತ್ತ ಪೆನ್ನು ತೋರಿಸಿದಳು. "ಇವರ ಹತ್ರ ಆಗಲೇ ಒಂದು ಚೀಟಿ ಇದೆ. ಈಗ ಹೋದ ತಿಂಗಳು ಹುಟ್ಟಿದೀನಿ ಅಂತ ಇನ್ನೊಂದಕ್ಕೆ ಅರ್ಜಿ ಹಾಕಿದಾರೆ. ವಯಸ್ಸು ಕಮ್ಮಿ ಹೇಳೋರನ್ನ ದಿನಾ ನೋಡ್ತೀನಿ. ಇಷ್ಟೊಂದು ಕಮ್ಮಿ ಹೇಳಿದವರನ್ನ ನೋಡಿರಲಿಲ್ಲ."

"ನಾನು ಅರ್ಜಿ ಹಾಕಿಲ್ಲಮ್ಮ," ಎಂದರು ಅತ್ತೆ. "ನಾನು ಬರೀ ಕುರ್ಚಿ."

ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಸ್ಟೆಡಿ ಕೆಮ್ಮಿದ.

"ಮೇಡಂ, ಮುಖ ಮಗುವಿಂದೇ. ಕಣ್ಣು ಮಾತ್ರ ತಂದು ಹಾಕಿದ್ದು."

"ಎಲ್ಲಿಂದ?"

"ಅತ್ತೆಯಿಂದ."

"ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದರು ಅತ್ತೆ.

ಹೆಂಡತಿ ಬೈದಿದ್ದರೆ ಸ್ಟೆಡಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಗೋಡೆ ಗಡಿಯಾರ ನೋಡುತ್ತಿದ್ದಳು, ಕಣ್ಣಲ್ಲಿ ನೀರು ನಿಂತಿತ್ತು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ತನ್ನ ಒಂದು ಜಂಭದಿಂದ ಆ ಮುದುಕಿ ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದರೆ? ಅದನ್ನು ಯಾವ ಫೋಟೋದಿಂದ ತಂದು ತಿದ್ದುವುದು?

ಅವನು ಕೈ ಮುಗಿದು ಎಲ್ಲವನ್ನೂ ಹೇಳಿದ. ಅಧಿಕಾರಿಣಿ ಕೇಳಿ ನಿಟ್ಟುಸಿರುಬಿಟ್ಟಳು. "ಸರಿ, ಇಲ್ಲೇ ಫೋಟೋ ತೆಗೀತೀನಿ. ಕಣ್ಣು ಬಿಟ್ರೆ ಈಗಲೇ ಚೀಟಿ ಕೊಡ್ತೀನಿ. ಬಿಡದೇ ಇದ್ರೆ ಸೋಮವಾರ ಬನ್ನಿ. ಕೌಂಟರ್ ಮುಚ್ಚೋ ಹೊತ್ತಾಯ್ತು."

ಅವಳ ಕ್ಯಾಮೆರಾ ಅಂಗಿಯ ಗುಂಡಿಯಷ್ಟಿತ್ತು. ಸ್ಟೆಡಿ ಅಭ್ಯಾಸಬಲದಿಂದ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಲು ಬಗ್ಗಿದ.

"ಸ್ವಲ್ಪ ಸರೀರಿ, ನೆರಳು ಬೀಳುತ್ತೆ," ಎಂದಳು ಅಧಿಕಾರಿಣಿ.

ಬದುಕಿನಲ್ಲಿ ಮೊದಲ ಬಾರಿಗೆ ಅವನು ಕ್ಯಾಮೆರಾಕ್ಕೆ ಅಡ್ಡ ಬಂದವನಾಗಿ ಸರಿದು ನಿಂತ. ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ಮಗು ಕುಂಭಕರ್ಣನ ಮೊಮ್ಮಗಳಂತೆ ನಿದ್ದೆ ಹೊಡೆಯಿತು. ಸ್ಟೆಡಿ ಹೆಂಡತಿಯ ಕಡೆ ತಿರುಗಿದ.

"ಒಂದ್ಸಲ ಕೂಗೇ."

"ಇದು ಸ್ಟೇಷನ್ ಅಲ್ವಲ್ಲ?"

"ದಮ್ಮಯ್ಯ ಅಂತೀನಿ, ಕೂಗು!"

ಅವಳು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. ಗಂಟಲು ಸರಿಮಾಡಿಕೊಂಡಳು.

"ಪ್ರಯಾಣಿಕರು ದಯವಿಟ್ಟು ಗಮನಿಸಿ! ಗಾಡಿ ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ!"

ಮಗು ಫಟ್ಟನೆ ಕಣ್ಣು ಬಿಟ್ಟಿತು. ಬರೀ ಮಗುವಲ್ಲ, ಹಾಲ್‌ನಲ್ಲಿ ತೂಕಡಿಸುತ್ತಿದ್ದವರೆಲ್ಲ ಕಣ್ಣು ಬಿಟ್ಟು, ಚೀಲ ಎತ್ತಿಕೊಂಡು ಎದ್ದು ನಿಂತರು. ಒಬ್ಬ ಯಜಮಾನರು ಬಾಗಿಲವರೆಗೆ ಓಡಿಯೂ ಬಿಟ್ಟರು. ಅಧಿಕಾರಿಣಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದಳು.

ಚೀಟಿ ಬೆಚ್ಚಗೆ ಹೊರಬಂತು. ಸ್ಟೆಡಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ತಿದ್ದಲು ಏನಾದರೂ ಸಿಗಬಹುದೇ ಎಂದು ಹುಡುಕಿದ. ಏನೂ ಸಿಗಲಿಲ್ಲ. ಇಷ್ಟು ಚಂದದ ಫೋಟೋ ಅವನ ಸ್ಟುಡಿಯೋದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು.

ಭಾನುವಾರ ಗಡಿಯಲ್ಲಿ ತಪಾಸಣೆಯವನು ಗಾಡಿ ಹತ್ತಿದ. ಮಗುವಿನ ಚೀಟಿ ನೋಡಿ "ಸರಿ" ಎಂದ. ಅತ್ತೆಯದು, ಸರಿ. ಹೆಂಡತಿಯದು, ಸರಿ. ನಾಲ್ಕನೆಯ ಚೀಟಿ ಹಿಡಿದುಕೊಂಡು ಸುತ್ತಲೂ ನೋಡಿ ಕೇಳಿದ: "ಇವರು ಬಂದಿಲ್ವಾ?"

"ನಾನೇ ಸಾರ್," ಎಂದ ಸ್ಟೆಡಿ.

ತಪಾಸಣೆಯವನು ಚೀಟಿಯ ಹಣೆಯನ್ನೂ ಎದುರಿಗಿದ್ದ ಹಣೆಯನ್ನೂ ಹೋಲಿಸಿದ. "ಇವರನ್ನ ನೀವು ಯಾರಾದ್ರೂ ಗುರುತು ಹಿಡೀತೀರಾ?"

ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಎಲ್ಲೋ ನೋಡಿದ ಹಾಗಿದೆ."

ಹೆಂಡತಿ ಬೆನ್ನು ನೆಟ್ಟಗೆ ಮಾಡಿದಳು. "ದಯವಿಟ್ಟು ಗಮನಿಸಿ! ಇವರು ನಮ್ಮ ಯಜಮಾನರು. ಮುಖ ಅವರದ್ದೇ. ಕೂದಲು ಮಾತ್ರ ನನ್ನ ತಮ್ಮಂದು."

ಇಡೀ ಬೋಗಿ ಗಮನಿಸಿತು. ಮಗುವೂ ಕಣ್ಣು ಬಿಟ್ಟು ಅಪ್ಪನ ತಲೆ ನೋಡಿತು. ತಪಾಸಣೆಯವನು ಜೇಬಿನಿಂದ ಫೋನು ತೆಗೆದು ಸ್ಟೆಡಿಯನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದ. "ದಾಖಲೆಗೆ ಒಂದು ಹೊಸ ಫೋಟೋ ಬೇಕು. ಸ್ಟೆಡಿ!" ಬಂದ ಫೋಟೋ ಈಗಷ್ಟೇ ಪೊಲೀಸರು ಬಿಟ್ಟು ಕಳಿಸಿದವನ ಹಾಗೆಯೇ ಇತ್ತು.

ಸಂಜೆಯ ಹೊತ್ತಿಗೆ ಮಗು ಮುತ್ತಜ್ಜಿಯ ಮಡಿಲಲ್ಲಿತ್ತು. ದಿಂಬಿಗೆ ಒರಗಿದ್ದ ಮುದುಕಿ ನಡುಗುವ ಬೆರಳಿನಿಂದ ಕೂಸಿನ ಹುಬ್ಬು ಸವರಿದಳು. ಹೆಂಡತಿ ಅತ್ತಳು. ಚೀಲದಲ್ಲಿದ್ದ ಕ್ಯಾಮೆರಾವನ್ನು ಹೊರತೆಗೆಯುವ ಧೈರ್ಯವಾಗದೆ ಸ್ಟೆಡಿ ಮೂಲೆಯಲ್ಲಿ ನಿಂತಿದ್ದ.

"ಅಯ್ಯೋ ನನ್ನ ಬಂಗಾರವೇ," ಎಂದಳು ಮುದುಕಿ ಹಿಗ್ಗಿನಿಂದ, "ನೋಡ್ರೇ, ಥೇಟ್ ನನ್ನ ಕಣ್ಣು!"

ಅತ್ತೆ ಗಾಬರಿಯಿಂದ ಮೂಲೆಯ ಕಡೆ ನೋಡಿ, ತಾಯಿಯ ಕಿವಿಗೆ ಬಾಯಿಟ್ಟರು.

"ಮೆಲ್ಲಗಮ್ಮಾ. ಅಳಿಯಂದಿರಿಗೆ ಕೇಳಿಸಿದ್ರೆ ನಿನ್ನವನ್ನೂ ಎತ್ಕೊಂಡು ಹೋಗ್ತಾರೆ."